ಮೂಗರ್ಜಿ ಹೊರುವವರು

ಸರ್ಕಾರಿ ಕಚೇರಿಗಳ ಕನ್ನಡದಲ್ಲಿ ನನಗೆ ತುಂಬ ಇಷ್ಟವಾದ ಪದಗಳಲ್ಲಿ ‘ಮೂಗರ್ಜಿ’ಯೂ ಒಂದು. ಹೆಸರು, ಸಹಿ ಇಲ್ಲದ ದೂರಿಗೆ ಹಾಗೆ ಕರೀತಾರೆ. ತಮಾಷೆ ಏನಂದ್ರೆ ಮೂಗರ್ಜಿಗೆ ಮಾತು ಚೆನ್ನಾಗೇ ಬರುತ್ತೆ. ಯಾರು ಎಷ್ಟು ತಿಂದರು, ಯಾವ ಕಾಮಗಾರಿ ಕಾಗದದ ಮೇಲೆ ಮಾತ್ರ ಮುಗಿದಿದೆ, ಎಲ್ಲ ಹೇಳುತ್ತೆ. ಇಲ್ಲದಿರೋದು ಹೆಸರೊಂದೇ. ತಾಲ್ಲೂಕು ಕಚೇರಿಯಲ್ಲಿ ಗುಮಾಸ್ತರಾಗಿದ್ದ ನಮ್ಮ ದೊಡ್ಡಪ್ಪ ಹೇಳ್ತಿದ್ದರು: ಮೂಗರ್ಜಿ ಬಂದರೆ ಸಾಹೇಬರು ಮೊದಲು ನೋಡೋದು ಅದರಲ್ಲಿ ಏನು ಬರೆದಿದೆ ಅಂತ ಅಲ್ಲ, ಅಕ್ಷರ ಯಾರದು ಅಂತ.

ಇದು ಬರೀ ತಾಲ್ಲೂಕು ಕಚೇರಿಯ ಕಥೆ ಅಲ್ಲ. ಸತ್ಯೇಂದ್ರ ದುಬೆ ಐಐಟಿ ಕಾನ್ಪುರದಲ್ಲಿ ಓದಿ, ರಾಷ್ಟ್ರೀಯ ಹೆದ್ದಾರಿ ಪ್ರಾಧಿಕಾರದಲ್ಲಿ ಎಂಜಿನಿಯರ್ ಆಗಿದ್ದವರು. ಸುವರ್ಣ ಚತುಷ್ಪಥ ರಸ್ತೆ ಕಾಮಗಾರಿಯ ಅಕ್ರಮಗಳ ಬಗ್ಗೆ 2002ರಲ್ಲಿ ನೇರವಾಗಿ ಪ್ರಧಾನಿ ಕಚೇರಿಗೆ ಬರೆದರು. ತಮ್ಮ ಹೆಸರನ್ನು ಗುಟ್ಟಾಗಿಡಿ ಅಂತ ಕೇಳಿಕೊಂಡಿದ್ದರು. ಆದರೆ ಆ ಕಾಗದ ಹೆಸರಿನ ಸಮೇತ ಒಂದು ಮೇಜಿನಿಂದ ಇನ್ನೊಂದು ಮೇಜಿಗೆ, ಒಂದು ಇಲಾಖೆಯಿಂದ ಇನ್ನೊಂದಕ್ಕೆ ಸಾಗಿತು. 2003ರ ನವೆಂಬರ್ 27ರ ಬೆಳಗಿನ ಜಾವ ಗಯಾದಲ್ಲಿ ಅವರನ್ನು ಗುಂಡಿಟ್ಟು ಕೊಂದರು. ದರೋಡೆಗಾಗಿ ಆದ ಕೊಲೆ ಅಂತ ಸಿಬಿಐ ಹೇಳಿತು, 2010ರಲ್ಲಿ ಮೂವರಿಗೆ ಶಿಕ್ಷೆಯೂ ಆಯಿತು. ಆ ತೀರ್ಮಾನದ ಬಗ್ಗೆ ಇಲ್ಲಿ ನನ್ನ ತಕರಾರಿಲ್ಲ. ನನ್ನನ್ನು ಕಾಡೋದು ಆ ಕಾಗದ ಸಾಗಿದ ರೀತಿ. ಅದನ್ನು ಮುಂದಕ್ಕೆ ಕಳಿಸಿದವರಲ್ಲಿ ಯಾರೂ ದುಷ್ಟರಾಗಿರಬೇಕಿಲ್ಲ. ಫೈಲ್ ಬಂತು, ಷರಾ ಬರೆದರು, ಮುಂದಕ್ಕೆ ತಳ್ಳಿದರು. ಗುಟ್ಟು ಉಳಿಯಬೇಕಾದರೆ ಆ ಸಾಲಿನಲ್ಲಿದ್ದ ಪ್ರತಿಯೊಬ್ಬರೂ ನೆನಪಿಟ್ಟುಕೊಂಡು ಕಾಪಾಡಬೇಕಿತ್ತು. ಕೆಡೋದಕ್ಕೆ ಒಬ್ಬ ಸಾಕು.

ಮುಂದೆ 2014ರಲ್ಲಿ ಇಂಥವರ ರಕ್ಷಣೆಗೆ ಅಂತಲೇ ಸಂಸತ್ತು ಒಂದು ಕಾನೂನು ಮಾಡಿತು. ದೂರಿನಲ್ಲಿ ದೂರುದಾರರ ಗುರುತು ಇಲ್ಲದಿದ್ದರೆ ಅದರ ಮೇಲೆ ಕ್ರಮ ಕೈಗೊಳ್ಳುವಂತಿಲ್ಲ ಅಂತ ಆ ಕಾನೂನಲ್ಲೇ ಬರೆದಿದೆ. ದೊಡ್ಡಪ್ಪನ ಸಾಹೇಬರು ಈಗ ಕಾನೂನಿನೊಳಗೇ ಕೂತಿದ್ದಾರೆ.

ನಾನು ಹೊಟ್ಟೆಪಾಡಿಗೆ ಸರ್ವರ್ ನೋಡಿಕೊಳ್ಳೋನು. ಹಾಗಾಗಿ ಈ ಪ್ರಶ್ನೆ ನನಗೆ ಇಮೇಲ್ ರೂಪದಲ್ಲೇ ಎದುರಾಗುತ್ತೆ. ಯಾರದು ಅಂತ ಗೊತ್ತಾಗದಂತೆ ಒಂದು ಮಾತನ್ನು ತಲುಪಿಸೋದು ಹೇಗೆ? ಅದಕ್ಕಿಂತ ಮುಖ್ಯವಾಗಿ, ತಲುಪಿಸೋ ಕೆಲಸದ ಭಾರ ಯಾರು ಹೊರಬೇಕು?

ಒಂದಷ್ಟು ವರ್ಷ ಅದನ್ನು ಹೆಚ್ಚುಕಮ್ಮಿ ಒಬ್ಬನೇ ಹೊತ್ತಿದ್ದ. ಫಿನ್ಲೆಂಡಿನ ಯೋಹಾನ್ ಹೆಲ್ಸಿಂಗಿಯಸ್ 1993ರಲ್ಲಿ ‘ಪೆನೆಟ್’ ಅನ್ನೋ ರಿಮೇಲರ್ ಶುರು ಮಾಡಿದ. ನೀವು ಅವನ ಸರ್ವರ್‌ಗೆ ಮೇಲ್ ಕಳಿಸಿದರೆ, ಅದು ನಿಮ್ಮ ವಿಳಾಸ ಅಳಿಸಿ, ಒಂದು ನಂಬರಿನ ವಿಳಾಸ ಅಂಟಿಸಿ ಮುಂದಕ್ಕೆ ಕಳಿಸುತ್ತಿತ್ತು. ಉತ್ತರ ಬಂದರೆ ನಿಮಗೆ ವಾಪಸ್ ಮುಟ್ಟಿಸುತ್ತಿತ್ತು. ಪುಕ್ಕಟೆ ಸೇವೆ. ಲೈಂಗಿಕ ದೌರ್ಜನ್ಯದಿಂದ ನೊಂದವರು ಒಬ್ಬರ ಜೊತೆ ಒಬ್ಬರು ಮಾತಾಡೋಕೆ ಬಳಸಿದರು. ಬೈಯೋಕೆ ಬಳಸಿದವರೂ ಇದ್ದರು, ಇಲ್ಲದೇ ಇರ್ತಾರಾ? ಮೂರು ವರ್ಷದಲ್ಲಿ ಬಳಕೆದಾರರು ಐದು ಲಕ್ಷ ದಾಟಿದರು.

ತೊಂದರೆ ಇದ್ದದ್ದು ಒಂದೇ ಕಡೆ. ಯಾವ ನಂಬರ್ ಯಾರದು ಅನ್ನೋ ಪಟ್ಟಿ ಅವನ ಯಂತ್ರದಲ್ಲಿತ್ತು. ಉತ್ತರ ವಾಪಸ್ ಕಳಿಸಬೇಕಾದರೆ ಪಟ್ಟಿ ಬೇಕೇ ಬೇಕು. 1995ರ ಫೆಬ್ರವರಿಯಲ್ಲಿ ಅಮೆರಿಕದ ಸೈಂಟಾಲಜಿ ಚರ್ಚ್, ತಮ್ಮ ಕಡತವೊಂದನ್ನು ಕದ್ದು ಪೆನೆಟ್ ಮೂಲಕ ಹರಡಿದ್ದಾರೆ ಅಂತ ದೂರು ಕೊಟ್ಟಿತು. ಫಿನ್ಲೆಂಡ್ ಪೊಲೀಸರು ವಾರಂಟ್ ಹಿಡಿದು ಬಂದರು. ಪಟ್ಟಿ ಪೂರ್ತಿ ಹೋಗೋದನ್ನು ತಪ್ಪಿಸೋಕೆ ಹೆಲ್ಸಿಂಗಿಯಸ್ ಒಂದು ವಿಳಾಸ ಕೊಟ್ಟ. ಲಕ್ಷಾಂತರ ಜನರನ್ನು ಉಳಿಸೋಕೆ ಒಬ್ಬನನ್ನು ಕೊಟ್ಟಿದ್ದು ಸರಿಯಾ ಅಂತ ನೀತಿಶಾಸ್ತ್ರದ ಕ್ಲಾಸಲ್ಲಿ ಒಂದು ಗಂಟೆ ಚರ್ಚೆ ಮಾಡಬಹುದು. ನನಗನಿಸೋದು, ಅಂಥ ಆಯ್ಕೆ ಒಬ್ಬ ಮನುಷ್ಯನ ಮುಂದೆ ಬಂದು ನಿಂತಿದ್ದೇ ಆ ವ್ಯವಸ್ಥೆಯ ದೋಷ. ಮರುವರ್ಷ ಬ್ರಿಟನ್ನಿನ ಒಂದು ಪತ್ರಿಕೆ ಮಕ್ಕಳ ಅಶ್ಲೀಲ ಚಿತ್ರಗಳ ಸಾಗಾಟಕ್ಕೆ ಅವನ ಸರ್ವರ್ ಕಾರಣ ಅಂತ ಬರೆಯಿತು. ಅದರಲ್ಲಿ ಹುರುಳಿಲ್ಲ ಅಂತ ಫಿನ್ಲೆಂಡ್ ಪೊಲೀಸರೇ ಹೇಳಿದರು. ಅಷ್ಟರಲ್ಲಿ ಕೋರ್ಟಿನಲ್ಲಿ ಇನ್ನೊಂದು ಗುರುತು ಕೊಡಬೇಕು ಅನ್ನೋ ಆದೇಶವೂ ಆಯಿತು. 1996ರ ಆಗಸ್ಟ್ 30ಕ್ಕೆ ಅವನು ಬಾಗಿಲು ಹಾಕಿದ.

ಇದಕ್ಕೆ ಪರಿಹಾರ ಅಷ್ಟರಲ್ಲೇ ಕಾಗದದ ಮೇಲಿತ್ತು. ಡೇವಿಡ್ ಚಾಮ್ ಅನ್ನೋ ಅಮೆರಿಕದ ಗಣಕವಿಜ್ಞಾನಿ 1981ರಲ್ಲೇ ಬರೆದಿದ್ದ. ಲಕೋಟೆಯೊಳಗೆ ಲಕೋಟೆ ಅಂದುಕೊಳ್ಳಿ. ಹೊರಗಿನ ಲಕೋಟೆ ಮೊದಲ ಸರ್ವರ್ ಮಾತ್ರ ಬಿಚ್ಚಬಹುದು. ಒಳಗೆ ಇನ್ನೊಂದು ಲಕೋಟೆ, ಅದರ ಮೇಲೆ ಎರಡನೇ ಸರ್ವರ್‌ನ ವಿಳಾಸ ಅಷ್ಟೇ. ಹೀಗೆ ಮೂರೋ ನಾಲ್ಕೋ ಕೈ ದಾಟಿ ಕೊನೆಯ ಸರ್ವರ್ ಕಾಗದ ಮುಟ್ಟಿಸುತ್ತೆ. ಮೊದಲನೆಯವನಿಗೆ ಯಾರು ಕಳಿಸಿದರು ಅಂತ ಗೊತ್ತು, ಎಲ್ಲಿಗೆ ಅಂತ ಗೊತ್ತಿಲ್ಲ. ಕೊನೆಯವನಿಗೆ ಎಲ್ಲಿಗೆ ಅಂತ ಗೊತ್ತು, ಯಾರಿಂದ ಅಂತ ಗೊತ್ತಿಲ್ಲ. ನಡುವಿನವನಿಗೆ ಎರಡೂ ಗೊತ್ತಿಲ್ಲ. 1995ರ ಹೊತ್ತಿಗೆ ಬಂದ ಮಿಕ್ಸ್‌ಮಾಸ್ಟರ್ ಇದನ್ನು ಇನ್ನೂ ಬಿಗಿ ಮಾಡಿತು. ಎಲ್ಲ ಕಾಗದಗಳೂ ಒಂದೇ ಅಳತೆ, ಬಂದದ್ದನ್ನು ಕೂಡಲೇ ಕಳಿಸಲ್ಲ, ಒಂದಷ್ಟು ಸೇರೋವರೆಗೂ ಕಾದು, ಇಸ್ಪೀಟ್ ಎಲೆಗಳ ಥರ ಕಲಸಿ, ಆಮೇಲೆ ಕಳಿಸೋದು. ಪಟ್ಟಿ ಇಲ್ಲ, ಲಾಗ್ ಇಲ್ಲ. ಪೊಲೀಸರು ಬಂದು ಕೇಳಿದರೂ ಕೊಡೋಕೆ ಏನೂ ಇಲ್ಲ.

ಇದರಲ್ಲಿ ನನಗೆ ಹಿಡಿಸಿದ್ದು ಗಣಿತಕ್ಕಿಂತ ಹೆಚ್ಚಾಗಿ ಅದರ ಹಿಂದಿನ ಮನುಷ್ಯರ ಅಂದಾಜು. ದುಬೆಯವರ ಕಾಗದ ಗುಟ್ಟಾಗಿರಬೇಕಿದ್ದರೆ ಸಾಲಿನಲ್ಲಿ ಎಲ್ಲರೂ ಸರಿಯಾಗಿರಬೇಕಿತ್ತು. ಇಲ್ಲಿ ಸಾಲಿನಲ್ಲಿ ಒಬ್ಬ ಪ್ರಾಮಾಣಿಕನಾಗಿದ್ದರೂ ಗುಟ್ಟಿಗೆ ಆಸರೆ ಇದೆ. ಉಳಿದವರು ಲಂಚ ತಿನ್ನಲಿ, ಹೆದರಲಿ, ಮರೆಯಲಿ. ಆ ಒಬ್ಬ ಯಾರು ಅಂತ ನಿಮಗೂ ಗೊತ್ತಿರಬೇಕಿಲ್ಲ. ಮನುಷ್ಯರ ಬಗ್ಗೆ ಇಷ್ಟು ಕಡಿಮೆ ನಿರೀಕ್ಷೆ ಇಟ್ಟುಕೊಂಡು ಇಷ್ಟು ಕೆಲಸ ಮಾಡಿಸಿಕೊಳ್ಳೋ ಏರ್ಪಾಡು ನಾನು ಬೇರೆಲ್ಲೂ ನೋಡಿಲ್ಲ.

ಆದರೆ ಕಲಸಬೇಕಾದರೆ ಎಲೆಗಳು ಬೇಕಲ್ಲ. ದಿನಕ್ಕೆ ಒಂದೇ ಕಾಗದ ಬಂದರೆ ಎಷ್ಟು ಕಲಸಿದರೂ ಅದು ಅದೇ ಕಾಗದ. ಜಾತ್ರೆಯಲ್ಲಿ ತಪ್ಪಿಸಿಕೊಳ್ಳಬೇಕಾದರೆ ಮೊದಲು ಜಾತ್ರೆ ನೆರೆದಿರಬೇಕು. ಗುಟ್ಟು ಬೇಕಾದವರಷ್ಟೇ ಬರೋ ಜಾತ್ರೆ ಆದರೆ, ಅಲ್ಲಿ ಕಾಲಿಟ್ಟಿದ್ದೇ ಅನುಮಾನಕ್ಕೆ ಸಾಕು. ಹಾಗಾಗಿ ಈ ವ್ಯವಸ್ಥೆಗೆ ನಿಜವಾಗಿ ಬೇಕಾಗಿರೋದು ಗುಟ್ಟೇನೂ ಇಲ್ಲದ ಜನ. ‘ಮುಚ್ಚಿಡೋಕೆ ನನ್ನ ಹತ್ರ ಏನೂ ಇಲ್ಲಪ್ಪ’ ಅಂತ ಆಫೀಸಿನ ಊಟದ ಟೇಬಲ್ಲಿನಲ್ಲಿ ಯಾರಾದರೂ ಹೇಳಿದಾಗಲೆಲ್ಲ ನನಗೆ ಹೇಳಬೇಕು ಅನಿಸುತ್ತೆ, ಹಾಗಾದ್ರೆ ನೀನೇ ಬೇಕು ಮಾರಾಯ. ನೀನು ಅಜ್ಜಿಗೆ ಕಳಿಸೋ ಹುಟ್ಟುಹಬ್ಬದ ಶುಭಾಶಯದ ಹಿಂದೆ ಯಾರೋ ಒಬ್ಬಳು ನರ್ಸ್, ಯಾರೋ ಒಬ್ಬ ಎಂಜಿನಿಯರ್ ಅಡಗಿಕೊಳ್ಳಬಹುದು. ಮಿಕ್ಸ್‌ಮಾಸ್ಟರ್ ಸೊರಗಿದ್ದಕ್ಕೆ ಇದೂ ಒಂದು ಕಾರಣ. ಬಳಸೋದು ಕಷ್ಟ, ಕಾಗದ ಮುಟ್ಟೋಕೆ ಗಂಟೆಗಟ್ಟಲೆ ಬೇಕು. ಶುಭಾಶಯಕ್ಕೆ ಯಾರು ಅಷ್ಟು ಕಾಯ್ತಾರೆ? ಸಾಮಾನ್ಯ ಜನ ಬರಲಿಲ್ಲ.

ಇನ್ನು ಭಾರದ ಮಾತು. ಸಾಲಿನಲ್ಲಿ ಇರೋರೆಲ್ಲ ಸಮಾನರು ಅಂತ ಕೇಳೋಕೆ ಚೆನ್ನಾಗಿದೆ, ಆದರೆ ಕಾಗದ ಕೈಗೆ ಸಿಕ್ಕವನಿಗೆ ಕಾಣೋದು ಕೊನೆಯ ಸರ್ವರ್ ಒಂದೇ. ಬೈಗುಳ ಬಂದರೆ ಅವನಿಗೆ. ವಕೀಲರ ನೋಟಿಸು ಅವನಿಗೆ. ನಡುವೆ ಇರೋರಿಗೆ ಏನೂ ಇಲ್ಲ, ಕರೆಂಟು ಮತ್ತು ನೆಟ್ ಖರ್ಚು ಬಿಟ್ಟರೆ. ರಿಮೇಲರ್ ನಡೆಸೋರು ಬೇಕಾದರೆ ತಮ್ಮ ಯಂತ್ರವನ್ನು ‘ಮಿಡ್ಲ್‌ಮ್ಯಾನ್’ ಮಾಡಿ ಇಡಬಹುದಿತ್ತು, ಅಂದರೆ ಇನ್ನೊಂದು ರಿಮೇಲರ್‌ಗೆ ಮಾತ್ರ ದಾಟಿಸೋದು, ಹೊರಗಿನವರ ಮನೆಬಾಗಿಲಿಗೆ ಹೋಗದಿರೋದು. ನಮ್ಮ ಅಪಾರ್ಟ್‌ಮೆಂಟಿನಲ್ಲಿ ಹಸಿಕಸದ ಗೊಬ್ಬರದ ತೊಟ್ಟಿ ಬೇಕು ಅಂತ ಸಭೆಯಲ್ಲಿ ಎಲ್ಲರೂ ಕೈ ಎತ್ತಿದರು. ಯಾರ ಬಾಲ್ಕನಿ ಕೆಳಗೆ ಅಂದಾಗ ಎಲ್ಲರೂ ಫೋನ್ ನೋಡ್ತಾ ಕೂತರು. ಸುಮಾರು ಅದೇ.

2012ರಲ್ಲಿ ಅಮೆರಿಕದ ಪಿಟ್ಸ್‌ಬರ್ಗ್ ವಿಶ್ವವಿದ್ಯಾಲಯಕ್ಕೆ ಬಾಂಬ್ ಬೆದರಿಕೆಗಳು ಬರೋಕೆ ಶುರುವಾದವು. ಒಂದೆರಡಲ್ಲ, ಕೆಲವೇ ವಾರಗಳಲ್ಲಿ ನೂರಕ್ಕೂ ಹೆಚ್ಚು. ನಡುರಾತ್ರಿ ಹಾಸ್ಟೆಲ್ ಖಾಲಿ ಮಾಡಿಸೋದು, ಪರೀಕ್ಷೆ ನಡುವೆ ಎಬ್ಬಿಸೋದು. ಹಲವು ಮೇಲ್‌ಗಳು ರಿಮೇಲರ್ ಮೂಲಕ ಬಂದಿದ್ದವು. ಏಪ್ರಿಲ್ 18ರಂದು ಎಫ್‌ಬಿಐನವರು ನ್ಯೂಯಾರ್ಕಿನ ಒಂದು ಡೇಟಾ ಸೆಂಟರ್‌ಗೆ ಹೋಗಿ ಮಿಕ್ಸ್‌ಮಾಸ್ಟರ್ ನಡೀತಿದ್ದ ಸರ್ವರ್ ಎತ್ತಿಕೊಂಡು ಹೋದರು. ಅದರಲ್ಲಿ ಲಾಗ್ ಇರಲಿಲ್ಲ. ಇದ್ದದ್ದು ಈ ವಿಷಯಕ್ಕೆ ಸಂಬಂಧವೇ ಇಲ್ಲದ ಮುನ್ನೂರಕ್ಕೂ ಹೆಚ್ಚು ಇಮೇಲ್ ಖಾತೆಗಳು, ಹಲವು ಸಂಘಟನೆಗಳ ವೆಬ್‌ಸೈಟುಗಳು. ಅವೆಲ್ಲ ಒಮ್ಮೆಗೇ ನಿಂತವು. ಕೆಲವು ದಿನ ಆದಮೇಲೆ ಆ ಸರ್ವರನ್ನು ಸದ್ದಿಲ್ಲದೆ ತಂದು ಮತ್ತೆ ಅದೇ ಜಾಗದಲ್ಲಿ ಇಟ್ಟು ಹೋದರು.

ಈ ಕಥೆಯನ್ನು ನಾನು ಮೊದಲೆಲ್ಲ ಎಫ್‌ಬಿಐನ ಪೆದ್ದುತನದ ಕಥೆ ಥರ ಹೇಳ್ತಿದ್ದೆ, ಕೇಳೋರು ನಗ್ತಿದ್ದರು. 2023ರ ಡಿಸೆಂಬರ್ 1ರ ನಂತರ ಹಾಗೆ ಹೇಳೋದು ಬಿಟ್ಟೆ. ಆ ಶುಕ್ರವಾರ ಬೆಳಿಗ್ಗೆ ಬೆಂಗಳೂರಿನ 60ಕ್ಕೂ ಹೆಚ್ಚು ಶಾಲೆಗಳಿಗೆ ಬಾಂಬ್ ಇದೆ ಅಂತ ಇಮೇಲ್ ಬಂದಿತ್ತು, ನಿಮಗೂ ನೆನಪಿರಬಹುದು. ನನ್ನ ಪಕ್ಕದ ಸೀಟಿನ ಗೆಳೆಯ ಲ್ಯಾಪ್‌ಟಾಪ್ ಮುಚ್ಚದೆ, ಚಪ್ಪಲಿ ಸರಿಯಾಗಿ ಮೆಟ್ಟದೆ ಓಡಿದ. ಅವನ ಮಗಳು ಒಂದನೇ ಕ್ಲಾಸು. ಎಲ್ಲವೂ ಹುಸಿ ಬೆದರಿಕೆ ಅಂತ ಸಂಜೆ ಹೊತ್ತಿಗೆ ಗೊತ್ತಾಯಿತು. ವಾರ ಕಳೆದ ಮೇಲೆ ಕಾಫಿ ಕುಡೀತಾ ನನ್ನ ರಿಮೇಲರ್ ಪುರಾಣ ನೆನಪಿಸಿಕೊಂಡು ಕೇಳಿದ: ‘ಆ ಮೇಲ್ ನಿನ್ನ ಮಷೀನ್ ದಾಟಿಕೊಂಡು ಬಂದಿದ್ರೆ ನನಗೆ ಏನಂತ ಹೇಳ್ತಿದ್ದೆ?’

ಇದಕ್ಕೆ ಸಿದ್ಧ ಉತ್ತರಗಳಿವೆ. ಕೆಟ್ಟದ್ದು ಮಾಡೋನಿಗೆ ಕದ್ದ ಸಿಮ್ ಇದೆ, ನಕಲಿ ಖಾತೆ ಇದೆ, ನನ್ನ ಮಷೀನೇ ಬೇಕಿಲ್ಲ ಅನ್ನಬಹುದು. ಸುಳ್ಳಲ್ಲ, ಆದರೆ ‘ನಾನು ಮಾರದಿದ್ರೆ ಪಕ್ಕದ ಅಂಗಡಿಯವನು ಮಾರ್ತಾನೆ’ ಅನ್ನೋ ಮಾತಿನ ಥರ ಕೇಳುತ್ತೆ. ಅಂಚೆಯಣ್ಣನನ್ನು ಕರೆತರಬಹುದು. ರಸ್ತೆಬದಿಯ ಕೆಂಪು ಡಬ್ಬಿಗೆ ಹಾಕಿದ ಕಾಗದದ ಮೇಲೆ ಕಳಿಸಿದವರ ಹೆಸರು ಇರಲೇಬೇಕು ಅಂತಿಲ್ಲ, ಬೆದರಿಕೆ ಪತ್ರ ತಂದುಕೊಟ್ಟ ಪೋಸ್ಟ್‌ಮ್ಯಾನ್ ಮೇಲೆ ಯಾರೂ ಕೇಸು ಹಾಕಲ್ಲ. ಇದು ಸ್ವಲ್ಪ ಗಟ್ಟಿ ವಾದ, ನಮ್ಮ ಐಟಿ ಕಾಯ್ದೆಯ 79ನೇ ಸೆಕ್ಷನ್ ಮಧ್ಯವರ್ತಿಗಳಿಗೆ ಕೊಡೋ ರಕ್ಷಣೆಯ ಹಿಂದೆಯೂ ಇಂಥದ್ದೇ ಯೋಚನೆ ಇದೆ. ಆದರೂ ಒಂದು ವ್ಯತ್ಯಾಸ ಉಳಿಯುತ್ತೆ. ಪೋಸ್ಟ್‌ಮ್ಯಾನ್ ಲಕೋಟೆ ಒಡೆಯಲ್ಲ, ಆದರೆ ಯಾವ ಅಂಚೆ ಕಚೇರಿಯಿಂದ ಬಂತು ಅಂತ ಮುದ್ರೆ ಇರುತ್ತೆ. ರಿಮೇಲರ್ ನಡೆಸೋನು ಮುಂಚೆಯೇ ತನಗೆ ಏನೂ ಗೊತ್ತಾಗದಂತೆ ಏರ್ಪಾಡು ಮಾಡಿಕೊಂಡಿರ್ತಾನೆ. ಕಣ್ಣು ಮುಚ್ಚಿ ಹಾಲು ಕುಡಿಯೋ ಬೆಕ್ಕಿಗೂ ಇವನಿಗೂ ಏನು ವ್ಯತ್ಯಾಸ ಅಂತ ಗೆಳೆಯ ಕೇಳಿದರೆ ಅದು ಅನ್ಯಾಯದ ಪ್ರಶ್ನೆ ಅಲ್ಲ.

ನಾನು ಕೊಡೋ ಉತ್ತರ ಇದು, ಅದು ಅವನಿಗೆ ಸಮಾಧಾನ ಕೊಡಲ್ಲ ಅಂತಲೂ ಗೊತ್ತು. ಬೆಕ್ಕು ಯಾರಿಗೂ ಕಾಣದಿರಲಿ ಅಂತ ಕಣ್ಣು ಮುಚ್ಚುತ್ತೆ. ಇಲ್ಲಿ ಕಣ್ಣು ಮುಚ್ಚಿಕೊಂಡವನು ಎಲ್ಲರಿಗೂ ಕಾಣೋ ಜಾಗದಲ್ಲೇ ನಿಂತಿರ್ತಾನೆ. ಪೆನೆಟ್ ಬಳಸಿದ ಲಕ್ಷಾಂತರ ಜನರ ಹೆಸರು ನಮಗೆ ಗೊತ್ತಿಲ್ಲ, ಹೆಲ್ಸಿಂಗಿಯಸ್ ಹೆಸರು ಗೊತ್ತು. ಅವನು ಅಡಗಲಿಲ್ಲ. ಹೆಸರಿಲ್ಲದ ಕಾಗದ ಮುಟ್ಟಬೇಕಾದರೆ ಹೆಸರಿರೋ ಒಬ್ಬ ಬಾಗಿಲಲ್ಲಿ ನಿಲ್ಲಬೇಕು, ಬೈಗುಳಕ್ಕೆ ಉತ್ತರ ಕೊಡಬೇಕು, ‘ನನಗೆ ಇಂಥ ಮೇಲ್ ಬೇಡ’ ಅಂದವರ ವಿಳಾಸವನ್ನು ತಡೆಪಟ್ಟಿಗೆ ಸೇರಿಸಬೇಕು (ರಿಮೇಲರ್ ನಡೆಸೋರು ಇದನ್ನು ಮಾಡ್ತಿದ್ದರು), ಒಬ್ಬನಿಗೆ ಸಾವಿರ ಮೇಲ್ ಹೋಗದ ಹಾಗೆ ಮಿತಿ ಹಾಕಬೇಕು. ಲಕೋಟೆ ಒಡೆಯದೆಯೂ ಮಾಡೋಕೆ ಕೆಲಸ ಬೇಕಾದಷ್ಟಿದೆ. ಇಷ್ಟಾದ ಮೇಲೂ ಒಂದು ದಿನ ಒಂದು ಮಗುವಿನ ಶಾಲೆಗೆ ಒಂದು ಮೇಲ್ ಹೋಗಬಹುದು. ಹೋದರೆ ಅದರಲ್ಲಿ ನನ್ನ ಪಾಲು ಸೊನ್ನೆ ಅಂತ ನಾನು ಹೇಳಲ್ಲ. ದುಬೆಯಂಥವರ ಕಾಗದ ಯಾರ ಮೇಜಿನ ಮೇಲೂ ಬಯಲಾಗದೆ ಸಾಗೋ ದಾರಿ ಮುಚ್ಚಿಹೋದರೆ ಅದರಲ್ಲೂ ಪಾಲಿರುತ್ತೆ, ಆ ಪಾಲನ್ನು ಯಾರೂ ಬಂದು ಕೇಳಲ್ಲ ಅಷ್ಟೇ.

ಈಗ ರಿಮೇಲರ್‌ಗಳ ಕಾಲ ಹೆಚ್ಚುಕಮ್ಮಿ ಮುಗಿದಿದೆ. ಅದೇ ಲಕೋಟೆಯ ಲೆಕ್ಕವನ್ನು ಕಾಯೋದು, ಕಲಸೋದು ಬಿಟ್ಟು, ಇಡೀ ಇಂಟರ್ನೆಟ್ಟಿಗೆ ಹೊಂದಿಸಿದ್ದು ಟಾರ್. ಜಗತ್ತಿನ ಬೇರೆ ಬೇರೆ ಕಡೆ ಸಾವಿರಾರು ಸ್ವಯಂಸೇವಕರ ಯಂತ್ರಗಳು ಅದನ್ನು ಹೊರುತ್ತಿವೆ, ಕೊನೆಯ ಬಾಗಿಲಾಗೋಕೆ ಒಪ್ಪಿದವು ಅದರಲ್ಲಿ ಕಡಿಮೆ. 2017ರ ಏಪ್ರಿಲ್‌ನಲ್ಲಿ ಮಾಸ್ಕೋದಲ್ಲಿ ಡಿಮಿತ್ರಿ ಬೊಗಾಟೊವ್ ಅನ್ನೋ ಗಣಿತದ ಮೇಷ್ಟ್ರನ್ನು ಬಂಧಿಸಿದರು, ಯಾರೋ ಬರೆದ ಪ್ರಚೋದನೆಯ ಬರಹಕ್ಕೆ. ಅವರು ಮನೆಯಿಂದ ಕೊನೆಯ ಬಾಗಿಲು ನಡೆಸುತ್ತಿದ್ದರು. ಕೆಲವು ತಿಂಗಳು ಜೈಲು, ಆಮೇಲೆ ಗೃಹಬಂಧನ, ಮರುವರ್ಷ ಕೇಸು ಬಿಟ್ಟರು. ಅದಕ್ಕೆ ಎರಡು ವರ್ಷ ಮೊದಲು, 2015ರಲ್ಲಿ, ಅಮೆರಿಕದ ನ್ಯೂ ಹ್ಯಾಂಪ್‌ಶೈರ್ ರಾಜ್ಯದ ಲೆಬನಾನ್ ಅನ್ನೋ ಪುಟ್ಟ ಊರಿನ ಕಿಲ್ಟನ್ ಗ್ರಂಥಾಲಯ ಒಂದು ಟಾರ್ ರಿಲೇ ಇಟ್ಟಿತು. ಗೃಹಭದ್ರತಾ ಇಲಾಖೆಯಿಂದ ಸುಳಿವು ಹೋಗಿ ಸ್ಥಳೀಯ ಪೊಲೀಸರು ಬಂದು ಮಾತಾಡಿದರು, ಗ್ರಂಥಾಲಯ ಅದನ್ನು ನಿಲ್ಲಿಸಿತು. ಸೆಪ್ಟೆಂಬರ್ 15ಕ್ಕೆ ಆಡಳಿತ ಮಂಡಳಿಯ ಸಭೆ. ಊರಿನ ಜನ ಬಂದು ತಮ್ಮ ಮಾತು ಹೇಳಿದರು, ಮಂಡಳಿ ರಿಲೇಯನ್ನು ಮತ್ತೆ ಹಚ್ಚಿತು.

ಈ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿದರೆ ಭಾರ ಹಂಚೋದು ಅಂದ್ರೆ ಎಲ್ಲರ ತಲೆ ಮೇಲೂ ಒಂದೇ ತೂಕ ಇಡೋದಲ್ಲ ಅನಿಸುತ್ತೆ. ಕೊನೆಯ ಬಾಗಿಲಲ್ಲಿ ನಿಲ್ಲಬೇಕಾದದ್ದು ಗ್ರಂಥಾಲಯ, ವಿಶ್ವವಿದ್ಯಾಲಯ, ವಕೀಲರನ್ನು ಇಟ್ಟುಕೊಳ್ಳೋ ಶಕ್ತಿ ಇರೋ ಸಂಘ. ಬಾಡಿಗೆ ಮನೆಯ ಮೇಷ್ಟ್ರಲ್ಲ. ನಡುವಿನ ಕೂಲಿ ನಮ್ಮಂಥವರು ಹೊರಬಹುದು. ಜಾತ್ರೆ ನೆರೆಸೋದು ಎಲ್ಲರ ಕೆಲಸ. ಭಾರತದಲ್ಲಿ ಕೊನೆಯ ಬಾಗಿಲು ಇನ್ನೂ ಇಕ್ಕಟ್ಟು. ಸರ್ಟ್-ಇನ್ 2022ರ ಏಪ್ರಿಲ್ 28ರಂದು ಹೊರಡಿಸಿದ ನಿರ್ದೇಶನದ ಪ್ರಕಾರ ವಿಪಿಎನ್ ಸೇವೆಯವರು ಗ್ರಾಹಕರ ವಿವರಗಳನ್ನು 5 ವರ್ಷ ಇಟ್ಟುಕೊಳ್ಳಬೇಕು. ಹಲವು ದೊಡ್ಡ ಕಂಪನಿಗಳು ತಮ್ಮ ಸರ್ವರ್‌ಗಳನ್ನೇ ಇಲ್ಲಿಂದ ಎತ್ತಿದವು. ಅವಕ್ಕೆ ಎತ್ತಿಕೊಂಡು ಹೋಗೋಕೆ ಬೇರೆ ದೇಶ ಇದೆ.

ಮನೆಯಲ್ಲೇ ಒಂದು ಕೊನೆಯ ಬಾಗಿಲು ತೆರೆಯೋ ಆಸೆ ನನಗೆ ಒಮ್ಮೆ ಬಂದಿತ್ತು. ಹೆಂಡತಿ ಪೂರ್ತಿ ಕೇಳಿಸಿಕೊಂಡಳು. ಅವಳು ಮನೆಯಿಂದ ಕೆಲಸ ಮಾಡೋಳು. ‘ಪೊಲೀಸರು ಬಂದ್ರೆ ಬಾಗಿಲು ತೆಗೆಯೋಳು ನಾನು. ನೀನು ಆಗ ಔಟರ್ ರಿಂಗ್ ರೋಡಲ್ಲಿ ಟ್ರಾಫಿಕ್ಕಲ್ಲಿ ಇರ್ತೀಯ’ ಅಂದಳು. ಧೈರ್ಯದ ಬಗ್ಗೆ ನಾನು ಓದಿದ ಎಷ್ಟೋ ಬರಹಗಳಲ್ಲಿ ಈ ಸಾಲು ಇಲ್ಲ. ಭಾರ ಹೊರ್ತೀನಿ ಅಂತ ಹೇಳೋನು ಒಬ್ಬ, ಅವನ ಜೊತೆ ಹೊರೋರು ಮನೆಮಂದಿ, ಬಾಡಿಗೆ ಕೊಟ್ಟ ಮಾಲೀಕರು, ಅದೇ ವೈಫೈ ಬಳಸೋ ಅತ್ತೆ. ಅವರ ಒಪ್ಪಿಗೆ ಯಾರೂ ಕೇಳಿರಲ್ಲ.

ಹಾಗಾಗಿ ಮನೆಯಲ್ಲಿ ಬಾಗಿಲು ತೆರೆಯಲಿಲ್ಲ. ಹೊರದೇಶದಲ್ಲಿ ಒಂದು ಪುಟ್ಟ ಸರ್ವರ್ ಬಾಡಿಗೆಗೆ ಹಿಡಿದು ನಡುವಿನ ರಿಲೇ ನಡೆಸ್ತಿದ್ದೀನಿ, ಅದರ ಸಂಪರ್ಕದ ಜಾಗದಲ್ಲಿ ನನ್ನ ನಿಜವಾದ ಇಮೇಲ್ ಇದೆ. ತಿಂಗಳಿಗೆ ಮಾಲ್‌ನಲ್ಲಿ ಇಬ್ಬರು ಸಿನಿಮಾ ನೋಡೋ ಖರ್ಚು. ಅದರ ಜೊತೆಗೆ ಆಫೀಸಿನಲ್ಲಿ ನಾಲ್ಕು ಜನ ಸೇರಿ, ಹೊರಗೆ ಕೊನೆಯ ಬಾಗಿಲುಗಳನ್ನು ನಡೆಸೋ ಒಂದು ಸಂಘಕ್ಕೆ ವರ್ಷಕ್ಕೊಮ್ಮೆ ಚಂದಾ ಕಳಿಸ್ತೀವಿ, ಅವರ ವಕೀಲರ ಖರ್ಚಿಗೆ ಆಗಲಿ ಅಂತ. ಪಕ್ಕದ ಸೀಟಿನ ಗೆಳೆಯನನ್ನೂ ಕೇಳಿದೆ. ‘ಬೇಡ ಕಣೋ, ನನಗೆ ಆಗಲ್ಲ’ ಅಂದ. ಯಾಕೆ ಅಂತ ನಾನು ಕೇಳಲಿಲ್ಲ. ಈಗಲೂ ನಾವಿಬ್ಬರು ಒಟ್ಟಿಗೇ ಕಾಫಿಗೆ ಹೋಗ್ತೀವಿ, ಅವನ ಮಗಳು ಮೂರನೇ ಕ್ಲಾಸಿಗೆ ಬಂದಿದ್ದಾಳೆ.